ಕೊಪ್ಪ ಇಲ್ಲದ ಪರದೆ

ಮಂಡ್ಯ ಬಿಟ್ಟು ಮದ್ದೂರಿನ ಹಳೇ ರಸ್ತೆಯಲ್ಲಿ ಹೋಗುವಾಗ ಕಾರಿನ ಕಿಟಕಿ ಇಳಿಸಿದೆ. ಯಾವುದೋ ಆಲೆಮನೆಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ ಒಳಗೆ ನುಗ್ಗಿತು. ಮೈಸೂರಿನಿಂದ ಜೊತೆಗೆ ಬಂದಿದ್ದ ಡ್ರೈವರು ಉಸಿರು ಎಳೆದುಕೊಂಡು, "ಏನ್ ಘಮ ಮೇಡಂ, ಬೆಲ್ಲ ಬಾಯಿಗೇ ಬಂದಂಗಾಯ್ತು" ಎಂದ. ಅವನಿಗೆ ಬೆಲ್ಲ ಬಂತು, ನನಗೆ ಬಂದಿದ್ದು ಭಾರ್ಗವನ ಮುಖ. ಇಷ್ಟು ವರ್ಷವಾದರೂ ಆ ವಾಸನೆ ಮೂಗಿಗೆ ಬಡಿದರೆ ನನ್ನಲ್ಲಿ ಮೊದಲು ಏಳುವುದು ಆ ಮನುಷ್ಯನ ಮೇಲಿನ ತಾತ್ಸಾರ. ಬಾಯಲ್ಲಿ ನೀರೂರುವುದು ಆಮೇಲೆ.

ಆ ವರ್ಷ ದೀಪಾವಳಿ ಕಳೆದು ಸಂಕ್ರಾಂತಿ ಬರುವವರೆಗಿನ ಚಳಿಯ ದಿನಗಳನ್ನು ನಾನು ಮಂಡ್ಯದಲ್ಲಿ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಳೆದೆ. ಅದು ಒಂದು ಸಣ್ಣ ಇಂಟರ್‌ನೆಟ್ ಕಂಪನಿಯ ಆಫೀಸು. ಮೊದಲು ಮನೆಮನೆಗೆ ಕೇಬಲ್ ಟಿವಿ ಎಳೆಯುತ್ತಿದ್ದ ಯಜಮಾನರು ಆಮೇಲೆ ಅದೇ ಕಂಬಗಳ ಮೇಲೆ ಫೈಬರ್ ಎಳೆದು ಊರೂರಿಗೆ ಇಂಟರ್‌ನೆಟ್ ಕೊಡತೊಡಗಿದ್ದರು. ಯಾರ ಮನೆಯಲ್ಲಿ ಯಾವ ಧಾರಾವಾಹಿ ನೋಡುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠವಿತ್ತು. ತಮ್ಮದೇ ಆಫೀಸಿನ ಯಂತ್ರಗಳು ಏನು ಮಾಡುತ್ತವೆ ಅನ್ನುವುದು ಮಾತ್ರ ಕೊನೆಯವರೆಗೂ ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಅವರಿಗೆ ಇರಲಿಲ್ಲ. ನಾನು ಮಳವಳ್ಳಿಯವಳಾದ್ದರಿಂದ ಮಳವಳ್ಳಿ ಕಡೆಯ ಲೈನುಗಳನ್ನು ನನಗೆ ಒಪ್ಪಿಸಿದ್ದರು. ಮದ್ದೂರು ಕಡೆಯನ್ನು ಭಾರ್ಗವ ತಾನೇ ಇಟ್ಟುಕೊಂಡಿದ್ದ.

ಭಾರ್ಗವ ನಮ್ಮ ಮ್ಯಾನೇಜರು. ಆ ದಸರಾಕ್ಕೆ ಬೆಂಗಳೂರಿನಿಂದ ಬಂದು ಇಳಿದವನು. ಬಂದ ವಾರದಲ್ಲೇ ತನ್ನ ಸರ್ಟಿಫಿಕೇಟುಗಳಿಗೆಲ್ಲ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ. ಮಂಡ್ಯದ ಮಾತು ಕೇಳಿದರೆ ಹಲ್ಲುನೋವು ಬಂದವನ ಹಾಗೆ ಮುಖ ಮಾಡುತ್ತಿದ್ದ. ಆದರೆ ಮಧ್ಯಾಹ್ನಕ್ಕೆ ಕೆಳಗಿನ ಹೋಟೆಲಿನಿಂದ ಮುದ್ದೆ, ಬಸ್ಸಾರು ತರಿಸಿ ಬೆರಳು ಚೀಪಿಕೊಂಡು ತಿನ್ನುವುದಕ್ಕೆ ಅವನಿಗೆ ಯಾವ ನೋವೂ ಅಡ್ಡ ಬರುತ್ತಿರಲಿಲ್ಲ.

ನಮ್ಮ ಕೆಲಸವನ್ನು ಸ್ವಲ್ಪ ಹೇಳಬೇಕು. ಊರೂರಿನ ಲೈನುಗಳೆಲ್ಲ ಬಂದು ಕೂಡುವ ಪೆಟ್ಟಿಗೆಗೆ ಸ್ವಿಚ್ ಅನ್ನುತ್ತೇವೆ. ಮದ್ದೂರಿನ ಕೋಣೆಯಲ್ಲೊಂದು, ಮಳವಳ್ಳಿಯ ಕೋಣೆಯಲ್ಲೊಂದು ಇತ್ತು, ಎಲ್ಲಿ ಕೂತರೂ ಕಂಪ್ಯೂಟರಿನಿಂದ ಅವುಗಳ ಒಳಕ್ಕೆ ಹೋಗಬಹುದಿತ್ತು. ಅದರ ಮೈತುಂಬ ಸಾಲಾಗಿ ಕಿಂಡಿಗಳು, ಒಂದೊಂದು ಕಿಂಡಿಗೂ ಒಂದು ನಂಬರು, ಒಂದೊಂದರಿಂದಲೂ ಒಂದೊಂದು ಊರಿಗೆ ಲೈನು. ಯಾವ ಲೈನು ಹೋಯಿತು, ಯಾವುದು ಬಂತು ಅನ್ನುವುದನ್ನೆಲ್ಲ ಆ ಪೆಟ್ಟಿಗೆ ಒಂದರ ಕೆಳಗೊಂದು ಸಾಲಾಗಿ ಬರೆದಿಡುತ್ತದೆ. ಅದಕ್ಕೆ ಲಾಗ್ ಅನ್ನುತ್ತಾರೆ. ಅದನ್ನು ತೋರಿಸು ಅಂದರೆ ಸಾಲುಗಳು ಪರದೆಯ ಮೇಲೆ ಪ್ರವಾಹದಂತೆ ಹರಿಯುತ್ತವೆ. ಅಷ್ಟನ್ನೂ ಓದುತ್ತಾ ಕೂರಲು ಯಾರಿಂದಲೂ ಆಗದು. ಅದಕ್ಕೇ ಆದೇಶದ ಕೊನೆಯಲ್ಲಿ ಒಂದು ಗೆರೆ ಎಳೆದು, ಇಂಥ ಗುರುತಿರುವ ಸಾಲನ್ನು ಮಾತ್ರ ತೋರಿಸು ಅಥವಾ ಇಂಥ ಗುರುತಿರುವ ಸಾಲನ್ನು ಬಿಟ್ಟುಬಿಡು ಎಂದು ಬರೆಯುತ್ತೇವೆ. ಆ ಗುರುತು ಬರೆಯುವುದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಅನ್ನುವ ದೊಡ್ಡ ಹೆಸರಿದೆ. ಕೆಲಸ ಮಾತ್ರ ಜರಡಿಯದು. ಜರಡಿ ಹಿಡಿದವರಿಗೆ ಕೆಳಗೆ ಏನು ಸೋರುತ್ತಿದೆ ಅನ್ನುವ ಎಚ್ಚರವೂ ಇರಬೇಕು, ಅಷ್ಟೇ.

ಮದ್ದೂರಿನ ಸ್ವಿಚ್ಚಿನ ಎರಡನೇ ಕಿಂಡಿಯಿಂದ ಯಜಮಾನರ ಸ್ವಂತ ಮನೆಗೆ ಲೈನು ಹೋಗಿತ್ತು. ಅವರ ಸೊಸೆ ಮಿಕ್ಸಿ ಹಾಕಬೇಕಾದಾಗಲೆಲ್ಲ ಇಂಟರ್‌ನೆಟ್ ಪೆಟ್ಟಿಗೆಯ ಪ್ಲಗ್ ಕಿತ್ತು ಮಿಕ್ಸಿಯ ಪ್ಲಗ್ ಚುಚ್ಚುತ್ತಿದ್ದಳು. ಚಟ್ನಿಗೊಮ್ಮೆ, ಸಾರಿನ ಖಾರಕ್ಕೊಮ್ಮೆ ಲೈನು ಹೋಗಿ ಬಂದು, ಲಾಗ್ ತುಂಬಾ ಯಜಮಾನರ ಅಡಿಗೆಮನೆಯ ವರ್ತಮಾನವೇ ತುಂಬಿರುತ್ತಿತ್ತು. ಇನ್ನೊಂದು ಪ್ಲಗ್ ಪಾಯಿಂಟ್ ಹಾಕಿಸಿ ಅಂದರೆ ಮುಗಿಯುವ ಮಾತು. ಭಾರ್ಗವನಿಗೆ ಅಷ್ಟು ಹೇಳುವ ಧೈರ್ಯ ಇರಲಿಲ್ಲ. ಯಜಮಾನರ ಸೊಸೆಗೆ ಹೇಳಲಾರದ ಗಂಡಸು ಯಂತ್ರಕ್ಕೆ ಬಾಯಿ ಮುಚ್ಚು ಅಂದ.

"ಲಾಗ್‌ನಲ್ಲಿ ತುಂಬಾ ನಾಯ್ಸ್ ಇದೆ ಸವಿತಾ. ನಾನೊಂದು ಎಕ್ಸ್‌ಪ್ರೆಷನ್ ಬರೆದಿದೀನಿ. ಇನ್ಮೇಲೆ 'ಕ್ಲೀನ್' ಅಂತ ಟೈಪ್ ಮಾಡಿದ್ರೆ ಸಾಕು, ಮುಖ್ಯವಾದದ್ದು ಮಾತ್ರ ಬರುತ್ತೆ" ಅಂದ. ಮುಖದಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಿ ಬಂದವನ ಕಳೆ. ಅವತ್ತಿನಿಂದ ಮದ್ದೂರು ಕಡೆಯವರೆಲ್ಲ 'ಕ್ಲೀನ್' ಒತ್ತಿ, ಖಾಲಿ ಪರದೆ ನೋಡಿ, ನೆಮ್ಮದಿಯಾಗಿ ಕಾಫಿಗೆ ಇಳಿಯತೊಡಗಿದರು. ಯಜಮಾನರಿಗೂ ಖುಷಿ. ಪರದೆಯಲ್ಲಿ ಏನೂ ಕಾಣದಿದ್ದರೆ ಊರೆಲ್ಲ ಸುಭಿಕ್ಷ ಅಂದುಕೊಳ್ಳುವ ಜನರ ನಡುವೆ ನಾನೂ ಕೂತಿದ್ದೆ. ನನ್ನ ಮಳವಳ್ಳಿ ಸ್ವಿಚ್ಚಿನ ಹತ್ತಿರ ಆ ಜರಡಿಯನ್ನು ಸೇರಿಸಲಿಲ್ಲ ಅನ್ನುವುದೊಂದೇ ಸಮಾಧಾನ.

ಕೊಪ್ಪದ ಕಥೆ ಶುರುವಾದದ್ದು ಆಲೆಮನೆಗಳು ಶುರುವಾದ ಮೇಲೆ. ಅಲ್ಲಿನ ಹಾಲಿನ ಡೈರಿಗೆ ನಮ್ಮದೇ ಲೈನು. ಹಾಲು ಅಳೆಯುವ ಯಂತ್ರ ಲೈನಿಲ್ಲದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಡೈರಿಯ ಕಾರ್ಯದರ್ಶಿ ಜಯಮ್ಮ ಬೆಳಗ್ಗೆ ಬೆಳಗ್ಗೆಯೇ ಫೋನ್ ಮಾಡುತ್ತಿದ್ದರು. ಯಜಮಾನರಿಗೆ ದೊಡ್ಡಪ್ಪನ ಮಗಳಾಗಬೇಕು. ಆ ಬಾಯಿಗೆ ಹೆದರದವರು ಮದ್ದೂರು ತಾಲೂಕಿನಲ್ಲಿ ಇದ್ದರೋ ಇಲ್ಲವೋ ನನಗೆ ಅನುಮಾನ.

"ಅಲ್ಲ ಕಣಮ್ಮ, ಲೈನು ಓಯ್ತದೆ ಬತ್ತದೆ, ಓಯ್ತದೆ ಬತ್ತದೆ. ಒಂದ್ಸಲ ಓದ್ರೆ ಈ ಮಿಸೀನು ಮತ್ತೆ ಏಳೋಕೆ ಗಂಟೆ ಒತ್ತು ಮಾಡ್ತದೆ. ಆಲು ತಂದೋರು ಕ್ಯಾನ್ ಇಟ್ಕಂಡು ರೋಡ್ಗಂಟ ನಿಂತವ್ರೆ. ನಿಮ್ಮಾಪೀಸ್ನಾಗೆ ಮನುಸ್ರು ಅವ್ರೋ, ಬರೀ ಕುರ್ಚಿ ಅವೋ?"

ಫೋನನ್ನು ಭಾರ್ಗವನಿಗೆ ಕೊಡುತ್ತಿದ್ದೆ. ಅವನು 'ಕ್ಲೀನ್' ಒತ್ತುತ್ತಿದ್ದ. ಕೊಪ್ಪದ ಹೆಸರಿನಲ್ಲಿ ಒಂದು ಸಾಲೂ ಇಲ್ಲ. ಲೈನು ಈಗ ಇದೆಯಾ ಅಂತ ನೋಡುವ ಹೊತ್ತಿಗೆ ಅದು ಬಂದೂ ಆಗಿರುತ್ತಿತ್ತು. "ನಮ್ಮ ಕಡೆ ಎಲ್ಲ ಸರಿ ಇದೆ ಮೇಡಂ, ನಿಮ್ಮ ಮಷೀನ್ ಚೆಕ್ ಮಾಡಿಸಿ" ಎಂದು ಫೋನು ಇಟ್ಟುಬಿಡುತ್ತಿದ್ದ.

ಕೊಪ್ಪದ ಕಡೆಗೆ ಓಡಾಡುವ ಲೈನ್‌ಮ್ಯಾನ್ ಪುಟ್ಟಸ್ವಾಮಿ. ಕೆರಗೋಡಿನವನು. ಆಗಲೇ ಐವತ್ತು ದಾಟಿತ್ತು. ಫೈಬರ್ ಬೆಸೆಯುವ ಯಂತ್ರವನ್ನು ಹೆಂಡತಿಯ ಹಳೇ ಸೀರೆಯಲ್ಲಿ ಸುತ್ತಿ ಮೊಪೆಡ್ಡಿನ ಮುಂದೆ ಇಟ್ಟುಕೊಂಡು ತಿರುಗುತ್ತಿದ್ದ. ಅವನ ಬಗ್ಗೆ ನನಗೆ ಯಾವ ಪ್ರೀತಿಯೂ ಇರಲಿಲ್ಲ. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಸುಳ್ಳುಗಳು. ಮದ್ದೂರಿನಲ್ಲಿ ವಡೆ ತಿನ್ನುತ್ತಾ ಕೂತು "ಕಂಬದ ಮೇಲಿವ್ನಿ" ಅನ್ನುವುದು ಅವನ ನಿತ್ಯದ ಅಭ್ಯಾಸ. ಆ ಕಂಬದ ಮೇಲಿನಿಂದ "ಇನ್ನೊಂದ್ ಪ್ಲೇಟ್ ಕೊಡಪ್ಪ" ಅನ್ನುವ ದನಿ ನನಗೂ ಕೇಳಿಸಿದೆ. ಆದರೆ ಕೊಪ್ಪದ ವಿಷಯಕ್ಕೆ ಅವನು ಹೋಗುತ್ತಿದ್ದ. ತುದಿ ಬದಲಾಯಿಸಿದ, ಮತ್ತೆ ಬೆಸೆದ, ವೈರು ಬದಲಾಯಿಸಿದ. ಲೈನು ಹೋಗುವುದು ನಿಲ್ಲಲಿಲ್ಲ.

ಭಾರ್ಗವ ಅವನನ್ನು ಎಲ್ಲರ ಎದುರಿಗೆ ನಿಲ್ಲಿಸಿಕೊಂಡ. "ಲೈನ್ ಹೋಗಿದ್ರೆ ಲಾಗ್‌ನಲ್ಲಿ ಇರಬೇಕಿತ್ತಲ್ಲ? ಎಲ್ಲಿದೆ ತೋರಿಸಿ."

"ನಾನ್ ಕಣ್ಣಾರೆ ಕಂಡಿವ್ನಿ ಸಾರ್. ಡೈರಿ ಗೋಡೆ ಪೆಟ್ಗೆ ಲೈಟೆಲ್ಲ ಆರೋಗಿ ಮತ್ತೆ ಅತ್ಕತವೆ. ಇಲಿ ಸಾರ್ ಅದು. ಒಳಕ್ಕೆ ಇಲಿ ಓಗಿ ವೈರು ಅಲ್ಲಾಡುಸ್ತದೆ."

"ಇಲಿಗೆ ನಿಮ್ಮ ಕೆಲಸದ ಮೇಲೆ ಇಷ್ಟು ಪ್ರೀತಿನಾ?" ಅಂದ ಭಾರ್ಗವ. ಕುರ್ಚಿಗಳು ನಕ್ಕವು. ಕೊಪ್ಪಕ್ಕೆ ಹೋಗದೆಯೇ ಹೋದೆ ಅನ್ನುತ್ತಾನೆ, ಇಲ್ಲದ ತೊಂದರೆ ಹುಟ್ಟಿಸುತ್ತಾನೆ ಎಂದು ಯಜಮಾನರಿಗೆ ವರದಿ ಹೋಯಿತು. ಸಂಕ್ರಾಂತಿ ಹಬ್ಬ ಮುಗಿಸಿಕೊಂಡು ಯಂತ್ರ ವಾಪಸು ಕೊಟ್ಟು ಹೋಗು ಅಂತ ಅವರೂ ಹೇಳಿಬಿಟ್ಟರು. ಅಂಗೈಯಗಲ ಗದ್ದೆ ಬಿಟ್ಟರೆ ಪುಟ್ಟಸ್ವಾಮಿಗೆ ಇದ್ದದ್ದು ಆ ಕೆಲಸ ಒಂದೇ. ಆ ವಯಸ್ಸಿನಲ್ಲಿ ಅವನನ್ನು ಕರೆದು ಇನ್ನೊಂದು ಕೆಲಸ ಕೊಡುವವರು ಯಾರೂ ಇರಲಿಲ್ಲ.

ಸಂಜೆ ಮೆಟ್ಟಿಲಿಳಿಯುವಾಗ ಟೈರ್ ಅಂಗಡಿಯ ಮುಂದೆ ನಿಂತಿದ್ದ. ಅವನು ದನಿ ತಗ್ಗಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಸವಿತಮ್ಮ, ನಾನ್ ಸುಳ್ಳು ಯೋಳೋನೇಯ. ಇಲ್ಲ ಅನ್ನಾಕಿಲ್ಲ. ಆದ್ರೆ ಇದೊಂದ್ರಾಗೆ ಯೋಳಿಲ್ಲ ಕಣಮ್ಮ."

ಸುಳ್ಳುಗಾರರು ಪಶ್ಚಾತ್ತಾಪ ಪಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಇವನ ಮುಖದಲ್ಲಿ ಅದು ಇರಲಿಲ್ಲ, ಅವಮಾನ ಇತ್ತು. ನಿಜ ಹೇಳಿದ್ದಕ್ಕೆ ಸಿಕ್ಕಿಬಿದ್ದೆನಲ್ಲ ಅನ್ನುವ ಅವಮಾನ. ಮರುದಿನ ಮಳವಳ್ಳಿಯ ಕೋಣೆಯಲ್ಲಿ ಕೂತು ಮದ್ದೂರಿನ ಸ್ವಿಚ್ಚಿಗೆ ಹೋದೆ. 'ಕ್ಲೀನ್' ಒತ್ತಲಿಲ್ಲ. ಯಾವ ಜರಡಿಯೂ ಇಲ್ಲದೆ ಪೂರ್ತಿ ಲಾಗ್ ತೋರಿಸು ಅಂದೆ. ಸಾಲುಗಳು ಧೋ ಎಂದು ಸುರಿದವು, ಅವುಗಳ ನಡುವೆ ಕೊಪ್ಪ ಹೋಯಿತು, ಕೊಪ್ಪ ಬಂತು, ಕೊಪ್ಪ ಹೋಯಿತು ಎಂದು ಪೆಟ್ಟಿಗೆ ಅಷ್ಟು ದಿನದಿಂದ ಒದರಿಕೊಳ್ಳುತ್ತಲೇ ಇತ್ತು.

ಹಾಗಾದರೆ 'ಕ್ಲೀನ್' ಒಳಗೆ ಏನಿದೆ ಎಂದು ತೆರೆದು ನೋಡಿದೆ. ಪೆಟ್ಟಿಗೆ ಪ್ರತಿ ಕಿಂಡಿಯ ನಂಬರಿನ ಹಿಂದೆ ಒಂದು ಸೊನ್ನೆ, ಒಂದು ಓರೆಗೆರೆ ಸೇರಿಸಿ ಬರೆಯುತ್ತದೆ; ಎರಡನೇ ಕಿಂಡಿಯ ಸಾಲು ಬಿಡು ಎಂದು ಹೇಳುವುದಕ್ಕೆ ಭಾರ್ಗವ ಸೊನ್ನೆ, ಓರೆಗೆರೆ, ಎರಡು ಎಂದಷ್ಟೇ ಬರೆದಿದ್ದ. ಎರಡಕ್ಕೆ ನಂಬರು ಮುಗಿಯಿತು ಅನ್ನುವ ಗುರುತು ಹಾಕಿರಲಿಲ್ಲ. ಯಂತ್ರಕ್ಕೆ ಭಾವನೆ ಇಲ್ಲ. ಎರಡರಿಂದ ಶುರುವಾಗುವ ಎಲ್ಲವನ್ನೂ, ಅಂದರೆ ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು, ಹೀಗೆ ಅಷ್ಟನ್ನೂ ಅದು ನುಂಗುತ್ತಿತ್ತು. ಕೊಪ್ಪ ಇದ್ದದ್ದು ಇಪ್ಪತ್ತೊಂದನೇ ಕಿಂಡಿಯಲ್ಲಿ. ಆ ಸಾಲಿನ ಮಿಕ್ಕ ಕಿಂಡಿಗಳು ಖಾಲಿ ಇದ್ದವು. ನಾಲ್ಕು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ ಮನುಷ್ಯ ಯಜಮಾನರ ಸೊಸೆಯ ಚಟ್ನಿಯನ್ನು ಮುಚ್ಚಲು ಹೋಗಿ ಒಂದು ಇಡೀ ಊರನ್ನೇ ಮುಚ್ಚಿಹಾಕಿದ್ದ. ಮೊದಲು ನಗು ಬಂತು. ಆಮೇಲೆ ಪುಟ್ಟಸ್ವಾಮಿಯ ಮುಖ ನೆನಪಾಗಿ ಮೈ ಉರಿಯಿತು.

ಅದೇ ಜರಡಿಯನ್ನು ತಿರುಗಿಸಿ ಹಿಡಿದೆ. ಇಪ್ಪತ್ತೊಂದು, ನಂಬರು ಅಲ್ಲಿಗೆ ಮುಗಿಯಬೇಕು, ಅದೇ ಸಾಲಿನಲ್ಲಿ 'ಡೌನ್' ಅಂತಲೂ ಇರಬೇಕು, ಅಂಥ ಸಾಲು ಮಾತ್ರ ತೋರಿಸು. ಪರದೆ ತಟ್ಟನೆ ತಿಳಿಯಾಯಿತು. ಹೋದದ್ದೆಲ್ಲ ಬೆಳಗ್ಗೆ ಹಾಲಿನ ಹೊತ್ತಿಗೆ ಒಂದು ಗುಂಪು, ಮಧ್ಯಾಹ್ನ ಊಟದ ನಂತರ ಒಂದು ಗುಂಪು. ಯಾವ ಇಲಿಯೂ ಇಷ್ಟು ಶಿಸ್ತಿನಿಂದ ಬದುಕುವುದಿಲ್ಲ.

ಮದ್ದೂರಿಗೆ ಹೋಗಿ ಕೊಪ್ಪದ ಬಸ್ಸು ಹತ್ತಿದೆ. ಜಯಮ್ಮ ಡೈರಿಯ ಕಟ್ಟೆಯ ಮೇಲೆ ಕೂರಿಸಿ ಕಾಯಿಸಿದ ಹಾಲು ಕೊಟ್ಟರು, ಜೊತೆಗೆ ಬೈಗುಳವನ್ನೂ ಕೊಟ್ಟರು. ಪುಟ್ಟಸ್ವಾಮಿಯೂ ಬಂದಿದ್ದ. ಡೈರಿಯ ಹಿಂದೆಯೇ ಎರಡು ಆಲೆಮನೆ. ಊಟ ಮುಗಿಸಿ ಎದ್ದ ಆಳುಗಳು ಗಾಣದ ಮೋಟಾರು ಹಾಕಿದರು. ಡೈರಿಯ ಬಲ್ಬು ಕಣ್ಣು ಮುಚ್ಚುವವನ ಹಾಗೆ ಮಂಕಾಯಿತು. ಗೋಡೆಯಲ್ಲಿದ್ದ ನಮ್ಮ ಪೆಟ್ಟಿಗೆಯ ದೀಪಗಳೆಲ್ಲ ಆರಿಹೋಗಿ, ಕರೆಂಟು ಸುಧಾರಿಸಿದ ಮೇಲೆ ಒಂದೊಂದಾಗಿ ಹತ್ತಿಕೊಂಡವು. ಇಂಥ ಹೊತ್ತಿಗೆ ಇರಲಿ ಎಂದು ಕೆಳಗೆ ಇಟ್ಟ ಬ್ಯಾಟರಿ ಊದಿಕೊಂಡು ಬಾತುಕೋಳಿಯ ಹೊಟ್ಟೆಯ ಹಾಗಾಗಿತ್ತು. ಸತ್ತು ಎಷ್ಟು ಕಾಲವಾಗಿತ್ತೋ ದೇವರಿಗೇ ಗೊತ್ತು.

"ಇಲಿಯಂತೆ, ಇಲಿ! ಈ ಬ್ಯಾಟರಿ ನಿಮ್ಮ ಕಣ್ಣಿಗೆ ಬೀಳಲಿಲ್ವಾ?" ಅಂದೆ.

"ಇಲೀನೂ ಅವೆ ಕಣಮ್ಮ" ಅಂದ ಪುಟ್ಟಸ್ವಾಮಿ, ಬಿಟ್ಟುಕೊಡದೆ.

ಭಾರ್ಗವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ, ಮದ್ದೂರಿನ ಸ್ವಿಚ್ಚಿಗೆ ಹೋಗಲು ನಿಮಗೆ ಪರ್ಮಿಷನ್ ಕೊಟ್ಟವರು ಯಾರು ಅನ್ನುವುದು. ಎರಡನೆಯದನ್ನು ಕೇಳಲೇ ಇಲ್ಲ. ಅವತ್ತೇ ಅಲ್ಲಿಗೆ ಹೋಗುವ ನನ್ನ ಪಾಸ್‌ವರ್ಡ್ ಕಿತ್ತುಕೊಂಡ. "ಎಕ್ಸ್‌ಪ್ರೆಷನ್ ಸರಿಯಾಗೇ ಇದೆ. ನಾನು ಟೆಸ್ಟ್ ಮಾಡಿದೀನಿ" ಅಂದ. ಮಾಡಿದ್ದು ನಿಜ. ಯಜಮಾನರ ಮನೆಯ ಸಾಲು ಬರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದ. ಬರಬೇಕಾದ್ದು ಬರುತ್ತಿದೆಯಾ ಅಂತ ನೋಡುವುದು ಅವನ ಪಾಲಿಗೆ ಟೆಸ್ಟ್ ಆಗಿರಲಿಲ್ಲ.

ಯಜಮಾನರ ಹತ್ತಿರ ಹೋದೆ. "ನೀವಿಬ್ರೂ ಓದ್ದೋರು, ನಂಗೇನ್ ಗೊತ್ತಾಯ್ತದಮ್ಮ" ಎಂದು ಜಾರಿಕೊಳ್ಳಲು ನೋಡಿದರು. ಬಿಡಲಿಲ್ಲ. "ನಿಮ್ಮ ಮನೆ ಮದುವೆಗೆ ಸ್ವಾಮಿ ಅನ್ನೋ ಕುಡುಕ ಬರ್ತಾನೆ ಅಂತ ಇಟ್ಕೊಳಿ. ಬಾಗಿಲಲ್ಲಿ ನಿಂತವನಿಗೆ ಹೆಸರಲ್ಲಿ ಸ್ವಾಮಿ ಇರೋರನ್ನ ಬಿಡಬೇಡ ಅಂದ್ರಿ. ಚಿಕ್ಕಸ್ವಾಮಿ, ಮಾದಸ್ವಾಮಿ, ನಂಜುಂಡಸ್ವಾಮಿ ಎಲ್ಲ ಆಚೆ ನಿಂತ್ಕೋತಾರೆ. ಒಳಗೆ ಬಂದು ನೋಡಿ, ಗಲಾಟೆನೇ ಇಲ್ಲ, ಮದುವೆ ಭಾಳ ಚೆನ್ನಾಗಿ ನಡೀತಾ ಇದೆ ಅಂತೀರಿ. ಹುಡುಗನ ಅಪ್ಪನೇ ಆಚೆ ಇದಾನೆ" ಅಂದೆ. ಯಜಮಾನರು ಹೊಟ್ಟೆ ಕುಣಿಸಿ ನಕ್ಕರು. ನಕ್ಕು, "ಆದ್ರೂ ಭಾರ್ಗವ ಬೆಂಗ್ಳೂರ್ನಾಗೆ ಕಲ್ತು ಬಂದವ್ನೆ" ಅಂದರು. ಬೆಂಗಳೂರಿನಲ್ಲಿ ಕಲಿತದ್ದು ಮಂಡ್ಯದಲ್ಲಿ ತಪ್ಪಾಗಲಾರದು ಅನ್ನುವುದು ಅವರ ಗಟ್ಟಿ ನಂಬಿಕೆ.

ಕೊನೆಗೆ ಕೆಲಸಕ್ಕೆ ಬಂದದ್ದು ಜಯಮ್ಮನ ಬಾಯಿ. ಹಬ್ಬಕ್ಕೆ ಇನ್ನೇನು ಎರಡು ದಿನ ಅನ್ನುವಾಗ ತಮ್ಮನಿಗೆ ಫೋನ್ ಮಾಡಿ, "ಲೇ, ನೀನೂ ನಿನ್ನ ಬೆಂಗ್ಳೂರ್ನೋನೂ ನಾಳೀಕೆ ಬೆಳಿಗ್ಗೆ ಆಲಿನೊತ್ಗೆ ಬತ್ತೀರಾ, ಇಲ್ಲ ನಾನೇ ಕ್ಯಾನ್ ಒತ್ಕಂಡು ನಿನ್ನಾಪೀಸ್ಗೆ ಬರ್ಲಾ?" ಅಂದರು. ಬಂದರು. ನಾನೂ ಹೋದೆ, ಈ ಸುಖವನ್ನು ಬಿಡುವುದುಂಟೇ.

ಮಂಜು ಇನ್ನೂ ಗದ್ದೆಯ ಮೇಲೆ ಕೂತಿತ್ತು. ಹಾಲು ತಂದ ಹೆಂಗಸರು, ಗಂಡಸರು ತಲೆಗೆ ಟವೆಲು ಸುತ್ತಿಕೊಂಡು ಸಾಲಿನಲ್ಲಿದ್ದರು. ಭಾರ್ಗವ ಸಗಣಿ ತಪ್ಪಿಸಿ ತಪ್ಪಿಸಿ ಕಾಲಿಡುತ್ತಾ ಬಂದು, ಕ್ಯಾನೊಂದರ ಮುಚ್ಚಳದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೊಬೈಲ್ ಮೂಲಕ ಮದ್ದೂರಿನ ಸ್ವಿಚ್ಚಿಗೆ ಸೇರಿಕೊಂಡ. 'ಕ್ಲೀನ್' ಒತ್ತಿದ. ಖಾಲಿ. "ನೋಡಿ ಸಾರ್" ಎಂದು ಯಜಮಾನರ ಕಡೆ ತಿರುಗಿಸಿದ. ಅಷ್ಟರಲ್ಲಿ ಹಿಂದೆ ಗಾಣದ ಮೋಟಾರು ಗುರ್ ಎಂದಿತು. ಬಲ್ಬು ಮಂಕಾಯಿತು. ಪೆಟ್ಟಿಗೆಯ ದೀಪಗಳು ಆರಿದವು. ಹಾಲಿನ ಯಂತ್ರ ಕೀಂಯ್ ಎಂದು ನಿಂತಿತು. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ "ಓತಲ್ಲಪ್ಪಾ" ಅಂದರು. ಭಾರ್ಗವ ಮತ್ತೆ 'ಕ್ಲೀನ್' ಒತ್ತಿದ. ಖಾಲಿ. ಎದುರಿಗೆ ಪೆಟ್ಟಿಗೆ ಸತ್ತು ಮಲಗಿದೆ, ಇವನ ಪರದೆ ಹಾಲಿನಷ್ಟು ಬೆಳ್ಳಗಿದೆ.

"ಲಾಗ್‌ನಲ್ಲಿ ಏನೂ ಇಲ್ವಲ್ಲ" ಅಂದ. ಸತ್ಯವಾಗಿಯೂ ಹಾಗೆಂದ. ಕಣ್ಣೆದುರಿಗಿದ್ದ ಪೆಟ್ಟಿಗೆಯನ್ನು ಬಿಟ್ಟು ಪರದೆಯನ್ನು ನಂಬಿದ. ಅವತ್ತಿನಿಂದ ಇವತ್ತಿನವರೆಗೆ ನಾನು ಅದಕ್ಕಿಂತ ದೊಡ್ಡ ಮೂರ್ಖತನವನ್ನು ಕಂಡಿಲ್ಲ.

ಜಯಮ್ಮ ಬಗ್ಗಿ ಲ್ಯಾಪ್‌ಟಾಪನ್ನು ಬಹಳ ಹೊತ್ತು ನೋಡಿದರು. ಆಮೇಲೆ ಯಜಮಾನರ ಕಡೆ ತಿರುಗಿ, "ಇದ್ರೊಳಗೆ ನಮ್ಮೂರೇ ಇಲ್ವಲ್ಲೋ" ಅಂದರು. ಎಷ್ಟು ಮೆತ್ತಗೆಂದರೆ, ಬೈದಿದ್ದರೆ ಯಜಮಾನರಿಗೆ ಹಗುರವಾಗುತ್ತಿತ್ತು.

ಯಜಮಾನರು ಪುಟ್ಟಸ್ವಾಮಿಯ ಕಡೆ ನೋಡದೆ, "ಆಯ್ತು ಬುಡು, ನೀನ್ ಕೆಲ್ಸ ಮಾಡ್ಕಂಡಿರು" ಅಂದರು. ತಪ್ಪಾಯಿತು ಅನ್ನಲಿಲ್ಲ. ಬ್ಯಾಟರಿ ಬಂತು. ಕೊಪ್ಪದ ಲೈನು ಹೋಗುವುದು ನಿಂತಿತು. ಪುಟ್ಟಸ್ವಾಮಿ ಹಬ್ಬಕ್ಕೆ ನನ್ನ ಮನೆಗೆ ಒಂದು ಕಬ್ಬಿನ ಜಲ್ಲೆಯ ಹೊರೆಯನ್ನೇ ತಂದು ಹಾಕಿ, "ಇಲೀನೂ ಇದ್ವು" ಎಂದು ಮತ್ತೊಮ್ಮೆ ಹೇಳಿ ಹೋದ. ಆ ಸ್ವಿಚ್ಚಿನೊಳಗೆ ಏನಾಗಿತ್ತು ಅನ್ನುವುದು ಅವನ ತಲೆಗೆ ಹೋಗಲೇ ಇಲ್ಲ. ನಾನು ಹೇಳಿದರೂ ಮೀಸೆ ತಿರುವಿದನೇ ಹೊರತು ಕೇಳಿಸಿಕೊಳ್ಳಲಿಲ್ಲ.

ಭಾರ್ಗವ ಮಾಡಿದ ರಿಪೇರಿಯನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಎಕ್ಸ್‌ಪ್ರೆಷನ್ ಮುಟ್ಟಲಿಲ್ಲ. ಅದನ್ನು ಮುಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದಲ್ಲ. ಅದರ ಬದಲು ಕೊಪ್ಪದ ವೈರನ್ನು ಇಪ್ಪತ್ತೊಂದರಿಂದ ಕಿತ್ತು ಒಂಬತ್ತನೇ ಕಿಂಡಿಗೆ ಹಾಕಿಸಿದ. ಜರಡಿಯ ತೂತು ಹಾಗೇ ಇರಲಿ, ಕಾಳನ್ನೇ ಎತ್ತಿ ಬೇರೆ ಕಡೆ ಇಡೋಣ ಅನ್ನುವ ಬುದ್ಧಿ. ಮುಂದೆ ಯಾವ ಊರನ್ನು ಆ ಸಾಲಿಗೆ ಹಾಕಿದರೂ ಅದು ಮಾಯವಾಗುತ್ತದೆ ಎಂದು ಯಜಮಾನರಿಗೆ ಹೇಳಿದೆ. "ಲೈನ್ ಬಂತಲ್ಲ ಬುಡಮ್ಮ, ಸುಮ್ಕೆ ಯಾಕೆ ಕೆದುಕ್ತೀಯೆ" ಅಂದರು. ಆ ಯುಗಾದಿಗೆ ನಾನು ಕೆಲಸ ಬಿಟ್ಟು ಮೈಸೂರಿಗೆ ಹೋದೆ. ಭಾರ್ಗವನೂ ಹೆಚ್ಚು ದಿನ ಇರಲಿಲ್ಲವಂತೆ. ಒಂದು ವರ್ಷ ಪೂರ್ತಿ ಸ್ವಚ್ಛ ಲಾಗ್ ತೋರಿಸಿ, ಇನ್ನೂ ದೊಡ್ಡ ಕಂಪನಿಗೆ ಇನ್ನೂ ದೊಡ್ಡ ಕುರ್ಚಿಗೆ ಹೋದನಂತೆ. ಹೋಗಲೇಬೇಕಲ್ಲ, ಅಂಥವರು ಎಲ್ಲಿಗೂ ಹೋಗದೆ ಉಳಿದದ್ದನ್ನು ನಾನು ಕಂಡಿಲ್ಲ.

ಈಗ ನಾನಿರುವ ಮೈಸೂರಿನ ಕಂಪನಿ ಆ ಯಜಮಾನರ ಲೈನುಗಳನ್ನು ಕೊಂಡುಕೊಳ್ಳುವ ಮಾತು ನಡೆಸಿದೆ. ಲೈನುಗಳ ಯೋಗ್ಯತೆ ನೋಡಿ ಬಾ ಎಂದು ನನ್ನನ್ನೇ ಕಳಿಸಿದ್ದರು. ಮದ್ದೂರಿನ ಕೋಣೆಗೆ ಹೊಸದಾಗಿ ಬಣ್ಣ ಹೊಡೆದಿದ್ದರು. ಸ್ವಿಚ್ಚು ಅದೇ. ಈಗಿನ ಇಂಜಿನಿಯರ್ ವಿನಯದ ಮನುಷ್ಯ. ಕಾಫಿ ತರಿಸಿ, ಒಂದೊಂದೇ ಊರಿನ ಲೈನಿನ ಗುಣಗಾನ ಮಾಡುತ್ತಾ ಬಂದ.

"ಎಲ್ಲಕ್ಕಿಂತ ಚೆನ್ನಾಗಿರೋದು ಚಿಕ್ಕರಸಿನಕೆರೆ ಮೇಡಂ. ನೋಡಿ" ಎಂದು ಕೀಬೋರ್ಡಿನ ಮೇಲೆ ಒಂದೇ ಪದ ಒತ್ತಿದ. ಆ ಪದ ಪರದೆಯ ಮೇಲೆ ಮೂಡಿದಾಗ ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. 'ಕ್ಲೀನ್'. "ಒಂದೇ ಒಂದು ಸಲ ಲೈನ್ ಹೋಗಿದ್ದು ಲಾಗ್‌ನಲ್ಲಿಲ್ಲ."

"ಎಷ್ಟನೇ ಕಿಂಡಿ?" ಅಂದೆ.

"ಇಪ್ಪತ್ತೊಂದು ಮೇಡಂ. ಆ ಕಡೆ ಲೈನ್‌ಮ್ಯಾನೇ ಸರಿಯಿಲ್ಲ. ಲೈನ್ ಹೋಗ್ತದೆ, ಲೈನ್ ಹೋಗ್ತದೆ ಅಂತ ದಿನಾ ಸುಳ್ಳು ಹೇಳ್ತಾನೆ. ಅವನನ್ನ ಈ ತಿಂಗಳೇ ಕಳಿಸ್ತಿದಾರೆ."

"ಯಾರವನು?"

"ಹಳಬ ಮೇಡಂ, ಪುಟ್ಟಸ್ವಾಮಿ ಅಂತ. ಏನ್ ಕೇಳಿದ್ರೂ ಇಲಿ ಅಂತಾನೆ."

ಕಾಫಿ ಕೆಳಗಿಟ್ಟು, ಕೀಬೋರ್ಡನ್ನು ನನ್ನ ಕಡೆಗೆ ಎಳೆದುಕೊಂಡೆ.